ಚೀಲ ಹೊತ್ತವನ ಕೈಗೆ ಬಂದ ಕೋಲು

ಆಟಗಾರರ ಕಥೆಯೆಂದರೆ ಗೆದ್ದವರ ಕಥೆ ಎಂಬುದು ನಮ್ಮಲ್ಲಿ ರೂಢಿಯಾಗಿ ಹೋಗಿದೆ. ಹಾರ, ತುರಾಯಿ, ಬೆಳ್ಳಿಯ ಬಟ್ಟಲು, ಪತ್ರಿಕೆಯಲ್ಲೊಂದು ಭಾವಚಿತ್ರ, ಇವಿಷ್ಟು ಒದಗಿದರೆ ಕಥೆ ಮುಗಿಯಿತೆಂದು ಪುಟ ತಿರುವುತ್ತೇವೆ. ಆದರೆ ಆಟವನ್ನೇ ಕಸುಬೆಂದು ಹಿಡಿದು, ವರ್ಷಕ್ಕೆ ಇಪ್ಪತ್ತು ಪಂದ್ಯಾವಳಿಗಳಿಗೆ ಹೋಗಿ, ಇಪ್ಪತ್ತರಲ್ಲಿಯೂ ಮೊದಲ ಬಹುಮಾನ ಕೈತಪ್ಪಿ, ಆದರೂ ಮನೆಯ ಬಾಡಿಗೆ, ಮಕ್ಕಳ ಶಾಲೆಯ ಫೀಸು, ಊರಿನಲ್ಲಿರುವ ತಾಯಿಗೆ ಕಳುಹಿಸುವ ಹಣ ಇವನ್ನೆಲ್ಲ ಹೇಗೋ ಹೊಂದಿಸಿಕೊಂಡು ಮುಂದಿನ ವರ್ಷವೂ ಹೊರಟು ನಿಲ್ಲುವ ಆಟಗಾರನೊಬ್ಬನಿದ್ದಾನೆ. ಅವನ ಕಥೆಯನ್ನು ಬರೆಯುವವರು ಕಡಿಮೆ. ಇಂಗ್ಲಿಷಿನಲ್ಲಿ ಅವನಿಗೆ ಜರ್ನಿಮನ್ ಎಂಬ ಹೆಸರುಂಟು. ಊರೂರು ತಿರುಗುವವನೆಂದು ಕೇಳಿಸಿದರೂ ಆ ಮಾತಿನ ಬೇರು ಇರುವುದು ದಿನ ಎಂಬ ಅರ್ಥದ ಫ್ರೆಂಚ್ ಶಬ್ದದಲ್ಲಿ. ಕಸುಬು ಕಲಿತು ದಿನಗೂಲಿಗೆ ದುಡಿಯುವ ಕೆಲಸಗಾರನಿಗೆ ಅದು ಹಿಂದೆ ಇದ್ದ ಹೆಸರು. ನಾವು ಅವನನ್ನು ದುಡಿದುಣ್ಣುವ ಆಟಗಾರ ಎನ್ನೋಣ. ಈ ಸಲದ ಅಂಕಣ ಅವನಿಗೆ ಮೀಸಲು. ಆಟ ಗಾಲ್ಫ್, ಆಟಗಾರರು ನಮ್ಮ ಬೆಂಗಳೂರಿನ ಸಿ. ಮುನಿಯಪ್ಪನವರು.

ಗಾಲ್ಫ್ ಎಂದೊಡನೆ “ಅದು ನಮ್ಮಂಥವರ ಆಟವಲ್ಲ ಬಿಡಿ” ಎನ್ನುವವರು ನಮ್ಮ ಸಂಘದಲ್ಲಿ ಬಹಳ ಮಂದಿ. ಆ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ. ನಾವು ಚೆನ್ನೈಗೆ, ಹಿರಿಯರ ಬಾಯಲ್ಲಿ ಇನ್ನೂ ಮದರಾಸಾಗಿಯೇ ಉಳಿದಿರುವ ಈ ಊರಿಗೆ, ಬಂದು ನೆಲಸಿದ ಮೇಲೆ ನಂದನದ ಬಳಿ ಅಣ್ಣಾ ಸಾಲೈಯಲ್ಲಿ ಎಷ್ಟು ಸಲ ಬಸ್ಸಿನಲ್ಲಿ ಹೋಗಿಲ್ಲ! ಅಲ್ಲಿಯೇ, 1873ರಲ್ಲಿ ಸ್ಥಾಪನೆಯಾದ ಕಾಸ್ಮೊಪಾಲಿಟನ್ ಕ್ಲಬ್ಬಿನ ಗಾಲ್ಫ್ ಮೈದಾನವಿದೆ. 1884ರಲ್ಲಿ ಆರಂಭವಾದ ಮದರಾಸು ಜಿಮ್ಖಾನಾ ಕ್ಲಬ್ಬಿನವರು ಗಿಂಡಿಯ ಕುದುರೆ ಪಂದ್ಯದ ಬಯಲಿನ ನಡುವೆ ಬಹುಕಾಲ ಗಾಲ್ಫ್ ಆಡಿಕೊಂಡು ಬಂದರು. ಬೆಂಗಳೂರಿನ ಗಾಲ್ಫ್ ಕ್ಲಬ್ಬು 1876ರದು. ಕಲ್ಕತ್ತೆಯದು ಇನ್ನೂ ಹಳೆಯದು, 1829ರದು. ಇಷ್ಟು ಹಳೆಯ ಆಟವಾದರೂ ಗೋಡೆಯಾಚೆ ನಡೆಯುವುದನ್ನು ಕಣ್ಣಾರೆ ಕಂಡವರು ನಮ್ಮಲ್ಲಿ ಬೆರಳೆಣಿಕೆಯಷ್ಟು. ಅಂಥ ಕ್ಲಬ್ಬುಗಳ ಒಳಗೆ ಹೋಗಲು ಎಂದಿನಿಂದಲೂ ಎರಡು ದಾರಿ. ಒಂದು ಸದಸ್ಯರದು. ಇನ್ನೊಂದು, ಸದಸ್ಯರ ಕೋಲುಗಳ ಚೀಲವನ್ನು ಹೆಗಲಿಗೆ ಹಾಕಿಕೊಂಡು ಅವರ ಹಿಂದೆ ನಡೆಯುವ ಹುಡುಗನದು. ಅವನಿಗೆ ಕ್ಯಾಡಿ ಎಂದು ಹೆಸರು. ಮುನಿಯಪ್ಪನವರು ಗಾಲ್ಫಿನೊಳಕ್ಕೆ ಬಂದದ್ದು ಈ ಎರಡನೆಯ ದಾರಿಯಿಂದ.

ಮುಂದಿನ ಮಾತು ತಿಳಿಯಬೇಕಾದರೆ ಆಟದ ಸ್ವರೂಪವನ್ನು ನಾಲ್ಕು ಮಾತಿನಲ್ಲಿ ಹೇಳಬೇಕು. ಗಾಲ್ಫ್ ಮೈದಾನವೆಂದರೆ ಒಂದೇ ಬಯಲಲ್ಲ; 18 ಹಸಿರು ಹಾದಿಗಳ ಸರಮಾಲೆ. ಪ್ರತಿ ಹಾದಿಯ ಕೊನೆಗೂ ನುಣುಪಾಗಿ ಕತ್ತರಿಸಿದ ಹುಲ್ಲಿನ ಅಂಗಳ, ಅದರೊಳಗೊಂದು ಸಣ್ಣ ಕುಳಿ. ಕುಳಿಯ ಬಾಯಿ 108 ಮಿಲಿಮೀಟರ್, ಎಂದರೆ ನಮ್ಮ ಮನೆಯ ಒಂದು ದೊಡ್ಡ ಲೋಟದ ಬಾಯಷ್ಟು. ಚೆಂಡು 46 ಗ್ರಾಮಿಗಿಂತ ಭಾರವಿಲ್ಲ. ಚೀಲದಲ್ಲಿ ಹೆಚ್ಚೆಂದರೆ 14 ಕೋಲುಗಳಿರಬಹುದು. ದೂರಕ್ಕೊಂದು, ಎತ್ತರಕ್ಕೊಂದು, ಮರಳಿನ ಹೊಂಡದಿಂದ ಎಬ್ಬಿಸಲೊಂದು, ಕುಳಿಗೆ ಉರುಳಿಸಲೊಂದು. ಯಾರು ಎಲ್ಲರಿಗಿಂತ ಕಡಿಮೆ ಹೊಡೆತಗಳಲ್ಲಿ 18 ಕುಳಿಗಳನ್ನೂ ಮುಗಿಸುತ್ತಾರೋ ಅವರದು ಗೆಲುವು. ಒಂದು ಸುತ್ತಿಗೆ ಇಷ್ಟು ಹೊಡೆತ ಎಂದು ಮೊದಲೇ ಒಂದು ಲೆಕ್ಕ ಕಟ್ಟಿರುತ್ತಾರೆ. ಅದಕ್ಕೆ ಪಾರ್ ಎನ್ನುತ್ತಾರೆ. ಸಾಮಾನ್ಯವಾಗಿ ಅದು 72. ದೊಡ್ಡ ಪಂದ್ಯಾವಳಿಯೆಂದರೆ ನಾಲ್ಕು ದಿನ, ನಾಲ್ಕು ಸುತ್ತು.

ಈಗ ಚೀಲ ಹೊರುವವನ ವಿಷಯಕ್ಕೆ ಬರೋಣ. ಹೊರೆ ಹೊತ್ತುಕೊಂಡು ಸುಮ್ಮನೆ ಹಿಂದೆ ನಡೆಯುವುದಷ್ಟೇ ಅವನ ಕೆಲಸವೆಂದು ತಿಳಿಯಬಾರದು. ಇಲ್ಲಿಂದ ಕುಳಿಗೆ ಎಷ್ಟು ಗಜ, ಗಾಳಿ ಯಾವ ಕಡೆಯದು, ಮುಂಜಾನೆಯ ಇಬ್ಬನಿಯಲ್ಲಿ ಹುಲ್ಲು ಚೆಂಡನ್ನು ಎಷ್ಟು ಹಿಡಿದು ನಿಲ್ಲಿಸೀತು, ಕಣ್ಣಿಗೆ ಸಮವಾಗಿ ತೋರುವ ನೆಲ ನಿಜವಾಗಿ ಯಾವ ಮಗ್ಗುಲಿಗೆ ವಾಲಿದೆ, ಇವೆಲ್ಲ ಅವನಿಗೆ ಗೊತ್ತಿರಬೇಕು. ಯಜಮಾನರು ತಪ್ಪು ಕೋಲಿಗೆ ಕೈ ಹಾಕಿದರೆ ನಯವಾಗಿ ಬೇರೊಂದನ್ನು ಮುಂದೆ ಮಾಡುವ ಜಾಣತನವೂ ಬೇಕು. ದಿನಕ್ಕೆ ಒಂದೋ ಎರಡೋ ಸುತ್ತು, ವರ್ಷವಿಡೀ, ಮಳೆ ಬಿಸಿಲೆನ್ನದೆ ನಡೆದವನಿಗೆ ಆ ನೆಲದ ಏರಿಳಿತಗಳೆಲ್ಲ ಅಂಗೈ ಗೆರೆಯಂತೆ ಪಾಠವಾಗಿರುತ್ತವೆ. ಒಳ್ಳೆಯ ಹೊಡೆತವನ್ನೂ ಕೆಟ್ಟ ಹೊಡೆತವನ್ನೂ ಅವನಷ್ಟು ಕಂಡವರು ಬೇರೆ ಯಾರೂ ಇರಲಾರರು. ಒಂದೇ ಕೊರತೆ: ಕೋಲು ಅವನದಲ್ಲ. ಕ್ಲಬ್ಬಿಗೆ ವಾರದ ರಜೆಯ ದಿನ, ಯಾರೋ ಬೇಡವೆಂದು ಬಿಟ್ಟ ಹಳೆಯ ಕೋಲು ಹಿಡಿದು, ಪೊದೆಯಲ್ಲಿ ಸಿಕ್ಕಿದ ಚೆಂಡನ್ನು ಹೊಡೆದು ಆಟ ಕಲಿತ ಹುಡುಗರು ಭಾರತದ ಎಲ್ಲ ಗಾಲ್ಫ್ ಊರುಗಳಲ್ಲಿಯೂ ಇದ್ದರು. ಗುರುವಿಲ್ಲದ ವಿದ್ಯೆಯನ್ನು ನಾವು ಏಕಲವ್ಯನ ವಿದ್ಯೆ ಎನ್ನುತ್ತೇವೆ. ಈ ಹುಡುಗರ ವಿದ್ಯೆ ಆ ಜಾತಿಯದು.

ನಮ್ಮವರಿಗೆ ಇದೇನೂ ಹೊಸ ಕಥೆಯಲ್ಲ. ಕಡಂದಲೆಯ ಕೃಷ್ಣರಾಯರು ಮದರಾಸಿನ ಹೋಟೆಲಿನ ಅಡುಗೆಮನೆಯಲ್ಲಿ ಕೈಯಾಳಾಗಿ ದುಡಿದು, ಮುಂದೆ 1938ರಲ್ಲಿ ರಾಯಪೇಟೆಯಲ್ಲಿ ವುಡ್‌ಲ್ಯಾಂಡ್ಸ್ ತೆರೆದದ್ದನ್ನು ನಮ್ಮ ಮನೆಗಳಲ್ಲಿ ಮಕ್ಕಳಿಗೆ ಹೇಳುತ್ತ ಬಂದಿದ್ದೇವೆ. ಬೇರೆಯವರ ಕೆಲಸ ಮಾಡುತ್ತಲೇ ಆ ಕೆಲಸದ ಒಳಗುಟ್ಟನ್ನು ಕಲಿಯುವುದು ಬಡವನ ಪಾಠಶಾಲೆ.

ಇನ್ನು ಇಂಡಿಯನ್ ಓಪನ್. ನಮ್ಮ ದೇಶದ ಗಾಲ್ಫಿನಲ್ಲಿ ಇದು ಹಿರಿಯ ಪಂದ್ಯಾವಳಿ. 1964ರಲ್ಲಿ ಇದು ಆರಂಭವಾಗಲು ಒತ್ತಾಸೆಯಾದವರು ಆಸ್ಟ್ರೇಲಿಯದ ಪೀಟರ್ ಥಾಮ್ಸನ್. ಮೊದಲ ವರ್ಷ ಗೆದ್ದವರೂ ಅವರೇ. ಮರುವರ್ಷ ನಮ್ಮ ಪಿ. ಜಿ. ಸೇಠಿ ಗೆದ್ದರು, ಆದರೆ ಅವರು ಹಣಕ್ಕಾಗಿ ಆಡುವವರಾಗಿರಲಿಲ್ಲ, ಹವ್ಯಾಸಿಗಳು. ಆಟವನ್ನೇ ಕಸುಬಾಗಿಸಿಕೊಂಡ ಭಾರತೀಯನೊಬ್ಬ ಈ ಬಹುಮಾನವನ್ನು ಮುಟ್ಟಲು 1991ರ ವರೆಗೆ ಕಾಯಬೇಕಾಯಿತು. ಆ ವರ್ಷ ಗೆದ್ದವರು ಅಲಿ ಶೇರ್, ದೆಹಲಿಯಲ್ಲಿ ಚೀಲ ಹೊತ್ತು ಬೆಳೆದವರು. 1993ರಲ್ಲಿ ಅವರೇ ಮತ್ತೊಮ್ಮೆ ಗೆದ್ದಾಗ, ಮೊದಲ ಸಲದ್ದು ಅದೃಷ್ಟವೆಂದು ಹೇಳಿದ್ದವರು ಸುಮ್ಮನಾಗಿರಬೇಕು.

2009ರ ಇಂಡಿಯನ್ ಓಪನ್ ದೆಹಲಿಯ ಮಗ್ಗುಲಿನ ಗುರ್‌ಗಾಂವ್‌ನಲ್ಲಿ, ಡಿಎಲ್‌ಎಫ್ ಮೈದಾನದಲ್ಲಿ ಅಕ್ಟೋಬರ್ ತಿಂಗಳಲ್ಲಿ ನಡೆಯಿತು. ಏಷ್ಯನ್ ಟೂರ್ ಎಂಬ, ದೇಶದಿಂದ ದೇಶಕ್ಕೆ ಸಾಗುವ ಪಂದ್ಯಮಾಲೆಯಲ್ಲಿ ಅದೊಂದು. ಪರದೇಶಗಳಿಂದ ಹೆಸರಾಂತರು ಬಂದಿದ್ದರು. ನಮ್ಮಲ್ಲಿಯೂ ಅದುವರೆಗೆ ಮೂರು ಸಲ ಇದೇ ಬಹುಮಾನ ಗೆದ್ದಿದ್ದ ಜ್ಯೋತಿ ರಂಧಾವಾರಂಥವರಿದ್ದ ಕಾಲ. ಮುನಿಯಪ್ಪನವರ ಹೆಸರು ಯಾರ ಬಾಯಲ್ಲಿಯೂ ಇರಲಿಲ್ಲ. ನಾಲ್ಕು ದಿನ ಮುಗಿದಾಗ ಅವರ ಹೊಡೆತಗಳ ಮೊತ್ತ 276. ಪಾರ್‌ಗಿಂತ 12 ಕಡಿಮೆ. ದಕ್ಷಿಣ ಕೊರಿಯಾದ ಲೀ ಸುಂಗ್ ಅವರದೂ ಅಷ್ಟೇ. ಸಮಬಲವಾದರೆ ಬಹುಮಾನ ಹಂಚುವ ಪದ್ಧತಿ ಇಲ್ಲಿಲ್ಲ. ಇಬ್ಬರನ್ನೇ ಮತ್ತೆ ಆಡಲು ನಿಲ್ಲಿಸುತ್ತಾರೆ. ಒಂದು ಕುಳಿಯಲ್ಲಿ ಒಬ್ಬನದು ಒಂದು ಹೊಡೆತ ಕಡಿಮೆಯಾದರೆ ಅಲ್ಲಿಗೆ ತೀರ್ಮಾನ. ಆ ತೀರ್ಮಾನದಲ್ಲಿ ಮುನಿಯಪ್ಪನವರು ಗೆದ್ದರು. ಬಹುಮಾನ 1,98,125 ಡಾಲರು. ಅಂದಿನ ವಿನಿಮಯದಲ್ಲಿ ಸುಮಾರು 90 ಲಕ್ಷ ರೂಪಾಯಿ. ಚೀಲ ಹೊರುವ ಕೂಲಿಯಿಂದ ಶುರುವಾದ ಲೆಕ್ಕಕ್ಕೆ ಆ ಮೊತ್ತವನ್ನು ಸೇರಿಸುವಾಗ ಯಾರ ಕೈಯಾದರೂ ನಡುಗೀತು.

ಆ ಭಾನುವಾರ ಅವರು ಆಡಿದ ಆಟವನ್ನು ವರ್ಣಿಸುವುದು ಸುಲಭ. ನನಗೆ ಮುಖ್ಯವೆನಿಸುವುದು ಆ ಭಾನುವಾರದ ಹಿಂದಿನ ಮತ್ತು ಮುಂದಿನ ವಾರಗಳು. ಈ ಲೇಖನದ ವಿಷಯವನ್ನು ನಮ್ಮ ಸಂಘದ ಹಿರಿಯರೊಬ್ಬರ ಮುಂದೆ ಪ್ರಸ್ತಾಪಿಸಿದಾಗ ಅವರು ಕನ್ನಡಕವನ್ನು ಹಣೆಗೇರಿಸಿ, “ಅಲ್ಲ ರಾಯರೇ, ಅಷ್ಟು ದೊಡ್ಡ ಪಂದ್ಯ ಗೆದ್ದವರನ್ನು ದುಡಿದುಣ್ಣುವವರ ಸಾಲಿಗೆ ಸೇರಿಸುತ್ತೀರಲ್ಲ, ಇದು ನ್ಯಾಯವೇ?” ಎಂದು ಕೇಳಿದರು. ನ್ಯಾಯವೆಂದೇ ನನ್ನ ಎಣಿಕೆ. ಏಷ್ಯನ್ ಟೂರಿನಲ್ಲಿ ಮುನಿಯಪ್ಪನವರ ಗೆಲುವು ಅದೊಂದೇ. ಅಂಥ ಗೆಲುವು ಆಟಗಾರನಿಗೆ ಕೆಲವು ಋತುಗಳ ಮಟ್ಟಿಗೆ ಟೂರಿನ ಬಾಗಿಲು ತೆರೆಯುತ್ತದೆ. ಆ ಹಕ್ಕಿಗೆ ಅವರ ಭಾಷೆಯಲ್ಲಿ ಕಾರ್ಡು ಎಂದು ಹೆಸರು. ಅವಧಿ ತೀರಿದ ಮೇಲೆ, ಆ ನಡುವೆ ಗಳಿಸಿದ ಹಣ ಇಷ್ಟೆಂದು ಪಟ್ಟಿ ಹಾಕಿ, ಕೆಳಗಿನವರ ಕಾರ್ಡನ್ನು ತೆಗೆದುಹಾಕುತ್ತಾರೆ. ಹಿಂದಿನ ಬೆಳ್ಳಿಯ ಬಟ್ಟಲನ್ನು ತೋರಿಸಿದರೆ ಬಾಗಿಲು ತೆರೆಯದು. ಮತ್ತೆ ಬೇಕಾದರೆ ಅರ್ಹತಾ ಪಂದ್ಯಕ್ಕೆ ಹೋಗಿ, ಮೀಸೆ ಚಿಗುರುತ್ತಿರುವ ಹುಡುಗರ ಜೊತೆ ಸಾಲಿನಲ್ಲಿ ನಿಲ್ಲಬೇಕು. ಗೆಲುವಿನ ಬಳಿಕವೂ ಅನೇಕ ವರ್ಷಗಳ ಕಾಲ ಮುನಿಯಪ್ಪನವರ ಹೆಸರು ದೇಶದೊಳಗಿನ ಪಂದ್ಯಾವಳಿಗಳ ಪಟ್ಟಿಯಲ್ಲಿ ಕಾಣುತ್ತಿತ್ತು. ಕೆಲವೊಮ್ಮೆ ಮೇಲೆ, ಬಹಳ ಸಲ ನಡುವೆ. ಆಟ ಬಿಟ್ಟು ಹಳೆಯ ಗೆಲುವಿನ ನೆರಳಲ್ಲಿ ಕೂರಲಿಲ್ಲ. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದೆಂದು ಹಿರಿಯರು ಹೇಳಿದ್ದು ಸುಳ್ಳಲ್ಲ.

ಈ ಕಸುಬಿನ ಲೆಕ್ಕವನ್ನು ಸ್ವಲ್ಪ ಬಿಡಿಸಿ ನೋಡೋಣ. ಭಾರತದೊಳಗಿನ ವೃತ್ತಿಗಾರರಿಗಾಗಿ 2006ರಲ್ಲಿ ಪಿಜಿಟಿಐ ಎಂಬ ಸಂಸ್ಥೆ ಹುಟ್ಟಿತು. ಅದರ ಪಂದ್ಯಾವಳಿಗಳಲ್ಲಿ ನೂರಕ್ಕೂ ಮೀರಿ ಆಟಗಾರರು ಸೇರುತ್ತಾರೆ. ಮೊದಲ ಎರಡು ದಿನ ಎಲ್ಲರ ಆಟ. ಎರಡನೆಯ ದಿನದ ಸಂಜೆಗೆ ಗೆರೆ ಎಳೆದು, ಮೇಲಿನ ಐವತ್ತು ಮಂದಿಯನ್ನೂ ಅವರಿಗೆ ಸಮನಾದವರನ್ನೂ ಉಳಿಸಿಕೊಂಡು ಮಿಕ್ಕವರಿಗೆ ನಮಸ್ಕಾರ ಹೇಳುತ್ತಾರೆ. ಇದಕ್ಕೆ ಕಟ್ ಎಂದು ಹೆಸರು. ಕತ್ತರಿಯೆಂಬ ಅರ್ಥ ಇಲ್ಲಿ ಚೆನ್ನಾಗಿ ಒಪ್ಪುತ್ತದೆ. ಕತ್ತರಿಯ ಕೆಳಗೆ ಬಿದ್ದವನಿಗೆ ಬಹುಮಾನದ ಹಣದಲ್ಲಿ ಬಿಡಿಗಾಸಿಲ್ಲ. ಪ್ರವೇಶ ಶುಲ್ಕ, ರೈಲಿನ ಟಿಕೆಟ್ಟು, ಕೋಣೆಯ ಬಾಡಿಗೆ, ಊಟ, ಕ್ಯಾಡಿಯ ಕೂಲಿ, ಎಲ್ಲವೂ ಸ್ವಂತ ಜೇಬಿನಿಂದ. ಹೌದು, ಒಂದು ಕಾಲಕ್ಕೆ ಚೀಲ ಹೊತ್ತವನು ಈಗ ಚೀಲ ಹೊರುವವನಿಗೆ ಕೂಲಿ ಕೊಡಬೇಕು. ಗೆದ್ದರೆ ಅವನಿಗೊಂದು ಪಾಲು ಕೊಡುವುದೂ ವಾಡಿಕೆ. ಒಟ್ಟು ಬಹುಮಾನ ಒಂದು ಕೋಟಿಯ ಪಂದ್ಯಾವಳಿಯಲ್ಲಿ ಮೊದಲಿಗನಿಗೆ ಸಿಗುವುದು 15 ಲಕ್ಷ. ಕೇಳಲು ದೊಡ್ಡದು. ಆದರೆ ಪಟ್ಟಿಯಲ್ಲಿ ಕೆಳಗಿಳಿದಂತೆ ಪಾಲು ಬೇಗಬೇಗ ಕರಗುತ್ತದೆ. ಸಂಬಳವಿಲ್ಲ, ಭವಿಷ್ಯನಿಧಿಯಿಲ್ಲ, ಕಾಯಿಲೆಯ ರಜೆಯಿಲ್ಲ. ಬೆನ್ನು ಹಿಡಿದುಕೊಂಡರೆ ಆ ತಿಂಗಳ ಆದಾಯವೂ ಹಾಸಿಗೆ ಹಿಡಿದಂತೆಯೇ. ಬ್ಯಾಂಕಿನಲ್ಲೋ ರೈಲ್ವೆಯಲ್ಲೋ ಕೆಲಸ ಮಾಡುವ ನಾವು, ಎರಡು ದಿನ ಕೆಲಸ ಸರಿಹೋಗದಿದ್ದರೆ ತಿಂಗಳ ಸಂಬಳವೇ ಇಲ್ಲವೆಂಬ ಷರತ್ತಿಗೆ ಸಹಿ ಹಾಕುತ್ತಿದ್ದೆವೇ?

ಇದರ ಮೇಲೆ ಮನಸ್ಸಿನ ಕಾಟ ಬೇರೆ. ಕತ್ತರಿಯ ಗೆರೆಯ ಮೇಲಿರುವವನಿಗೂ ಕೆಳಗಿರುವವನಿಗೂ ನಡುವೆ ಇರುವುದು ಒಂದೇ ಒಂದು ಹೊಡೆತ. ಎರಡು ದಿನದಲ್ಲಿ ಹೊಡೆದ ನೂರನಲವತ್ತು ಚಿಲ್ಲರೆ ಹೊಡೆತಗಳಲ್ಲಿ ಯಾವುದು ಆ ಒಂದು? ಆರನೆಯ ಕುಳಿಯ ಅಂಚಿನಲ್ಲಿ ಸುತ್ತಿ ಹೊರಬಂದದ್ದೇ? ಮರದ ಬೇರಿಗೆ ಸಿಕ್ಕಿಕೊಂಡದ್ದೇ? ರಾತ್ರಿಯ ರೈಲಿನ ಮೇಲಿನ ಹಲಗೆಯಲ್ಲಿ ಮಲಗಿ ಈ ಲೆಕ್ಕ ಮಾಡುತ್ತ ಊರಿಗೆ ಮರಳುವವನ ನಿದ್ದೆಯನ್ನು ಊಹಿಸಿಕೊಳ್ಳಿ. ಮರುದಿನ ಬೆಳಿಗ್ಗೆ ಎದ್ದು ಮತ್ತೆ ಅಭ್ಯಾಸದ ಬಯಲಿಗೆ ಹೋಗುವುದಕ್ಕೆ ಬೇಕಾದ ಧೈರ್ಯ, ಕೊನೆಯ ದಿನ ಚಪ್ಪಾಳೆಯ ನಡುವೆ ಚೆಂಡು ಉರುಳಿಸುವುದಕ್ಕೆ ಬೇಕಾದ ಧೈರ್ಯಕ್ಕಿಂತ ಹೆಚ್ಚಿನದೆಂದು ನನ್ನ ನಂಬಿಕೆ.

ಹೀಗೆ ಕಾದವರಿಗೆ ಫಲ ಎಂದು ಸಿಕ್ಕೀತೆಂಬುದಕ್ಕೆ ಪಂಚಾಂಗವಿಲ್ಲ. ಮಧ್ಯಪ್ರದೇಶದ ಮಹೂವಿನ ಮುಕೇಶ್ ಕುಮಾರ್ ಎಂಬುವರು ದೇಶದೊಳಗೆ ನೂರಕ್ಕೂ ಹೆಚ್ಚು ಪಂದ್ಯಾವಳಿಗಳನ್ನು ಗೆದ್ದವರು; ಆದರೂ ಏಷ್ಯನ್ ಟೂರಿನಲ್ಲಿ ಒಂದು ಗೆಲುವು ದಕ್ಕಿರಲಿಲ್ಲ. 2016ರ ಡಿಸೆಂಬರಿನಲ್ಲಿ, 51ನೆಯ ವಯಸ್ಸಿನಲ್ಲಿ, ದೆಹಲಿಯ ಪ್ಯಾನಸೋನಿಕ್ ಓಪನ್ ಗೆದ್ದು ಅದನ್ನೂ ಪಡೆದರು. ಕಲ್ಕತ್ತೆಯ ಎಸ್. ಎಸ್. ಪಿ. ಚೌರಾಸಿಯಾ ಗಾಲ್ಫ್ ಮೈದಾನದ ಹುಲ್ಲು ನೋಡಿಕೊಳ್ಳುವ ನೌಕರನ ಮಗ. 2015ರ ಇಂಡಿಯನ್ ಓಪನ್ನಿನಲ್ಲಿ ಅವರು ಸಮಬಲದವರೆಗೆ ಬಂದು, ಬೆಂಗಳೂರಿನಲ್ಲಿ ನೆಲೆಸಿದ್ದ ಅನಿರ್ಬಾನ್ ಲಾಹಿರಿಯವರಿಗೆ ಸೋತರು. ಸೋತವರು ಮನೆಗೆ ಹೋಗಿ ಕೋಲನ್ನು ಅಟ್ಟಕ್ಕೆ ಹಾಕಲಿಲ್ಲ. 2016ರಲ್ಲಿ ಗೆದ್ದರು, 2017ರಲ್ಲಿ ಮತ್ತೆ ಗೆದ್ದರು. ಇವು ಹೇಳಿಕೊಳ್ಳುವಂಥ ಕಥೆಗಳಾದವು, ಏಕೆಂದರೆ ಕೊನೆಗೆ ಗೆಲುವು ಬಂತು. ಇವರಷ್ಟೇ ದುಡಿದು, ಇವರಷ್ಟೇ ಕಾದು, ಗೆಲುವು ಬಾರದೆ ಆಟ ನಿಲ್ಲಿಸಿದವರೂ ಇದ್ದಾರೆ. ಅವರ ಬಾಳನ್ನು ವ್ಯರ್ಥವೆನ್ನಲು ನಮಗೇನು ಅಧಿಕಾರ? ಕಸುಬನ್ನು ಸೊಗಸಾಗಿ ಮಾಡಿದರು, ಅದರಿಂದ ಸಂಸಾರ ಸಾಕಿದರು, ತಮ್ಮ ಹೊಡೆತವನ್ನು ತಾವೇ ಎಣಿಸಿ ಬರೆದುಕೊಳ್ಳುವ ಆಟದಲ್ಲಿ ಒಂದನ್ನೂ ಮುಚ್ಚಿಡಲಿಲ್ಲ. ಒಬ್ಬ ಮನುಷ್ಯನಿಂದ ಇದಕ್ಕಿಂತ ಹೆಚ್ಚು ಕೇಳುವುದು ದುರಾಸೆ.

ಇಲ್ಲಿಗೆ ತಾಯ್ತಂದೆಯರು ಒಂದು ಪ್ರಶ್ನೆ ಕೇಳುವುದು ಸಹಜ: “ಹಾಗಾದರೆ ನಮ್ಮ ಹುಡುಗ ಗಾಲ್ಫ್ ಆಡುತ್ತೇನೆಂದರೆ ಏನೆನ್ನಬೇಕು?” ಬೆಂಗಳೂರಿನ ಅದಿತಿ ಅಶೋಕ್ ಅವರ ಮನೆಯವರನ್ನು ನೋಡಿ. ಆಕೆ 2016ರಲ್ಲಿ ರಿಯೋ ಒಲಿಂಪಿಕ್ಸಿಗೆ ಹೋದಾಗ ಚೀಲ ಹೊತ್ತವರು ತಂದೆ. ಟೋಕಿಯೋದಲ್ಲಿ 2021ರ ಆಗಸ್ಟಿನಲ್ಲಿ ಕೇವಲ ಒಂದು ಹೊಡೆತದಿಂದ ಪದಕ ತಪ್ಪಿ ನಾಲ್ಕನೆಯವರಾದಾಗ ಚೀಲ ಹೊತ್ತವರು ತಾಯಿ. ಮಕ್ಕಳ ಹೊರೆಯನ್ನು ಹೊರುವುದೆಂದರೇನೆಂದು ಇದಕ್ಕಿಂತ ನೇರವಾಗಿ ತೋರಿಸಲಾಗದು. ನಿಮ್ಮಲ್ಲಿ ಹೊರುವ ಶಕ್ತಿಯಿದ್ದರೆ ಹೊರಿ. ಆದರೆ ಮಗುವಿಗೆ ಬಟ್ಟಲನ್ನು ತೋರಿಸಿ ಆಸೆ ಹಚ್ಚಬೇಡಿ. ಬಟ್ಟಲು ಬಾರದ ಹತ್ತೊಂಬತ್ತು ವಾರಗಳನ್ನೂ ತೋರಿಸಿ, ಇದು ನಿನಗೆ ಒಪ್ಪಿಗೆಯೇ ಎಂದು ಕೇಳಿ. ಶಾಲೆಯ ಓದನ್ನು ನಡುವೆ ಬಿಡಿಸಬೇಡಿ. ಒಪ್ಪಿಗೆಯೆಂದು ಮಗು ನಗುನಗುತ್ತ ಹೇಳಿದರೆ ನೀವು ಅಡ್ಡ ಬರಬೇಡಿ.

ಇನ್ನೊಂದು ಪ್ರಶ್ನೆಯನ್ನು ನಾನೇ ಕೇಳುತ್ತೇನೆ, ನಮ್ಮಲ್ಲಿ ಕ್ಲಬ್ಬಿನ ಸದಸ್ಯರಾಗುವಷ್ಟು ಅನುಕೂಲವಂತರಾದವರಿಗೆ. ದೇವರ ದಯೆಯಿಂದ ಈ ಊರಿನಲ್ಲಿ ಅಂಥವರೂ ಇದ್ದೀರಿ. ನಿಮ್ಮ ಚೀಲ ಹೊರುವ ಹುಡುಗನ ಹೆಸರು ನಿಮಗೆ ಗೊತ್ತೇ? ಬಿಡದಿಯ ಬಳಿಯ ಹಳ್ಳಿಯ ಎಸ್. ಚಿಕ್ಕರಂಗಪ್ಪನವರು ಚಿಕ್ಕಂದಿನಲ್ಲಿ ಈಗಲ್‌ಟನ್ ಮೈದಾನಕ್ಕೆ ಬಂದಾಗ ಅವರ ಕೈಯ ಚಳಕವನ್ನು ಗುರುತಿಸಿ ಬೆಳೆಸಿದವರು ವಿಜಯ್ ದಿವೇಚಾ ಎಂಬ ತರಬೇತುದಾರರು. ಚಿಕ್ಕರಂಗಪ್ಪನವರು ಬೆಳೆದು ವೃತ್ತಿಗಾರರಾಗಿ ದೇಶವಿದೇಶಗಳಲ್ಲಿ ಆಡಿದರು. ಕಾಣುವ ಕಣ್ಣು ಅಂದು ಅಲ್ಲಿ ಇರದಿದ್ದರೆ ಆ ಚಳಕ ಹೊಲದ ಬದುವಿನಲ್ಲಿಯೇ ಉಳಿಯುತ್ತಿತ್ತು. ಆಟವನ್ನು ದುಬಾರಿಯ ಶಾಲೆಗಳಲ್ಲಿ ಕಲಿಸುವ ಕಾಲವಿದು. ಯಂತ್ರಗಳು ಬಂದು ದೂರವನ್ನೂ ಗಾಳಿಯನ್ನೂ ಅಳೆಯುತ್ತಿವೆ. ಚೀಲದಿಂದ ಕೋಲಿಗೆ ಏರುವ ಹಳೆಯ ಏಣಿಯ ಮೆಟ್ಟಿಲುಗಳು ಒಂದೊಂದಾಗಿ ಸಡಿಲವಾಗುತ್ತಿವೆ. ಹಳೆಯ ಕೋಲುಗಳ ಒಂದು ಜೊತೆ, ವಾರಕ್ಕೊಂದು ದಿನ ಆಡಲು ಅನುಮತಿ, ಶಾಲೆಯ ಪುಸ್ತಕದ ಖರ್ಚು, ಇಷ್ಟು ಸಿಕ್ಕರೆ ಆ ಏಣಿ ಇನ್ನೂ ಒಂದು ತಲೆಮಾರು ನಿಂತೀತು. ನೂರು ಹುಡುಗರಲ್ಲಿ ತೊಂಬತ್ತೊಂಬತ್ತು ಮಂದಿ ಮುನಿಯಪ್ಪನವರಾಗಲಾರರು, ನಿಜ. ಅವರು ಓದು ಬಲ್ಲ, ಕಸುಬು ಬಲ್ಲ ಯುವಕರಾದರೆ ಅದೇನು ನಷ್ಟವೇ?

2009ರ ಆ ಬೆಳ್ಳಿಯ ಬಟ್ಟಲಿನ ಸಾಲಿನಲ್ಲಿ ಮುನಿಯಪ್ಪನವರ ಹೆಸರು ಥಾಮ್ಸನ್ನರ, ರಂಧಾವಾರ ಹೆಸರುಗಳ ಜೊತೆಗೆ ಶಾಶ್ವತವಾಗಿದೆ. ಉಳಿದ ವಾರಗಳ ಹೊಡೆತಗಳನ್ನು ಯಾವ ಬಟ್ಟಲಿನ ಮೇಲೂ ಕೆತ್ತಿಲ್ಲ. ಮನೆ ನಡೆದದ್ದು ಆ ವಾರಗಳ ದುಡಿಮೆಯಿಂದ. ಆ ಒಂದು ವಾರ ಬಂದದ್ದೂ ಅವುಗಳ ಬೆನ್ನ ಮೇಲೆಯೇ.